ಒಂದೇ ಸುದ್ದಿ ಎರಡು ಸಲ

ಬೆಳಕು ಹರಿಯುವ ಹೊತ್ತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಆಕೆ ತಲೆ ಕೆರೆದುಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಹಾಲು ಉಕ್ಕುತ್ತಿದೆ, ಅದರ ಪರಿವೆಯೂ ಇಲ್ಲ. ಅತ್ತೆ ಬಂದು ಒಲೆ ಆರಿಸುತ್ತಾರೆ.

"ಮತ್ತೆ ಅದೇನಾ?"

"ಅದೇ ಅತ್ತೆ. ಸರಿ ಮಾಡೋಕೆ ಹೋದೆ, ಕೆಟ್ಟುಹೋಯ್ತು. ತಲೆಬುಡ ತಿಳೀತಿಲ್ಲ."

ಸೊಸೆಯ ಕಸುಬು ಏನೆಂದು ಅತ್ತೆಗೂ ಪೂರ್ತಿ ಅರ್ಥವಾಗಿಲ್ಲ. ನಮಗೂ ಸಲೀಸಾಗಿ ಆಗಲಿಲ್ಲ ಅನ್ನಿ. ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪರದೆ ಮಾತ್ರ. ಪರದೆಯ ಮೇಲೆ ಏನು ಕಾಣಬೇಕೆಂದು ನೆನಪಿಟ್ಟುಕೊಳ್ಳುವ ಭಾಗ ಅದರ ಹಿಂದಿರುತ್ತದೆ. ಕಸುಬಿನವರು ಅದನ್ನು ವ್ಯೂ-ಮಾಡೆಲ್ ಅನ್ನುತ್ತಾರೆ. ಅಲ್ಲೇನಾದರೂ ಬದಲಾದರೆ ಪರದೆಗೆ ಸುದ್ದಿ ಮುಟ್ಟಬೇಕು. ಮುಟ್ಟಿಸುವ ಪುಟ್ಟ ಲೈಬ್ರರಿ, ಅಂದರೆ ಬೇರೆಯವರು ತಮ್ಮ ಆ್ಯಪ್‌ಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್, ಈಕೆಯದು. ಮಗಳು ತೊಟ್ಟಿಲಲ್ಲಿದ್ದಾಗ ಕೆಲಸ ಬಿಟ್ಟು, ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ ಬರೆದದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಎಷ್ಟು ಜನ ಬಳಸುತ್ತಾರೆ ಎಂದು ಆಕೆಯನ್ನೇ ಕೇಳಿದೆವು.

"ದೇವರಾಣೆ ಗೊತ್ತಿಲ್ಲ. ಕೆಟ್ಟಾಗ ಮಾತ್ರ ಹೇಳ್ತಾರೆ."

ಕಳೆದ ವಾರ ಅದರಲ್ಲೊಂದು ಹಳೆಯ ತಪ್ಪು ಕಣ್ಣಿಗೆ ಬಿತ್ತು. ಒಂದೇ ಸುದ್ದಿ ಎರಡು ಸಲ ಹೋಗುತ್ತಿತ್ತು. ಎರಡನೆಯದನ್ನು ತೆಗೆದರು. ಮಾರನೆಯ ದಿನವೇ ಒಂದು ಆಸ್ಪತ್ರೆಯಿಂದ ದೂರು: ಸರದಿ ತೋರಿಸುವ ಪರದೆ ಹಿಂದೆ ಬಿದ್ದಿದೆ, ಒಳಗೆ ಹೋಗಬೇಕಾದ ರೋಗಿಗಳು ಹೊರಗೇ ಕೂತಿದ್ದಾರೆ. ಗಾಬರಿಯಾಗಿ ಎರಡನೆಯದನ್ನು ಮರಳಿ ಹಾಕಿ ಮೊದಲನೆಯದನ್ನು ತೆಗೆದರು. ಆಸ್ಪತ್ರೆಯ ಪರದೆ ಸರಿಯಾಯಿತು, ಶಾಲಾ ಬಸ್ ಎಲ್ಲಿದೆಯೆಂದು ತೋರಿಸುವ ಆ್ಯಪ್ ನಿಂತುಹೋಯಿತು. ಮಕ್ಕಳು ಎಲ್ಲಿದ್ದಾರೆಂದು ತಿಳಿಯದೆ ತಾಯಂದಿರು ರಸ್ತೆಯಲ್ಲಿ ನಿಂತಿದ್ದರಂತೆ.

"ಒಂದು ಸಾಕು ಅಲ್ವಾ ಅತ್ತೆ? ಎರಡು ಸಲ ಹೇಳೋದು ತಪ್ಪು ತಾನೇ?"

ಅತ್ತೆ ಹಾಲು ಬಗ್ಗಿಸುತ್ತಲೇ ಹೇಳುತ್ತಾರೆ: "ನಾನು ದಿನಾ ಊಟಕ್ಕೆ ಎರಡು ಸಲ ಕರೀತೀನಿ. ಮೊದಲ್ನೇ ಸಲಕ್ಕೆ ನಿನ್ನ ಗಂಡ ಬರ್ತಾನೆ, ಎರಡನೇ ಸಲಕ್ಕೆ ನೀನು ಬರ್ತೀಯ. ಯಾವುದು ಬಿಡ್ಲಿ, ನೀನೇ ಹೇಳು."

ಸೊಸೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಆಮೇಲೆ ಎರಡೂ ಸುದ್ದಿಗಳನ್ನು ಮೊದಲಿದ್ದಂತೆಯೇ ಇಟ್ಟು, ಮುಂದೆ ಆ ಕೋಡ್ ತೆರೆಯುವವರಿಗಾಗಿ ಪಕ್ಕದಲ್ಲಿ ಒಂದು ಸಾಲು ಬರೆಯುತ್ತಾರೆ: "ತಪ್ಪೆಂದು ಗೊತ್ತಿದೆ. ದಯವಿಟ್ಟು ತಿದ್ದಬೇಡಿ."

ಹಾಲು ಆರುವಷ್ಟರಲ್ಲಿ ಬಸ್ಸಿನವರ ಸಂದೇಶ ಬರುತ್ತದೆ. ಬಸ್ ಕಾಣುತ್ತಿದೆ. ಆಸ್ಪತ್ರೆಯವರಿಂದ ಮಾತ್ರ ಏನೂ ಬಂದಿಲ್ಲ.

"ಏನೂ ಬಂದಿಲ್ಲ ಅಂದ್ರೆ ಅಲ್ಲಿ ಎಲ್ಲಾ ಸರಿಯಾಗಿದೆ ಅಂತ," ಎನ್ನುತ್ತಾ ಆಕೆ ಲೋಟಕ್ಕೆ ಕೈಚಾಚುತ್ತಾರೆ. "ಹಾಗೇ ಇರ್ಲಿ."