ಅಕ್ಕನ ಕೈಮಾತು ನಿಂತ ದಿನ

ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಮೂಡದಷ್ಟು ಚಿಕ್ಕವನಾಗಿ ನಾನಿದ್ದಾಗ, ನಮ್ಮೂರ ಶಾಲೆಯ ಮೊದಲ ಸಾಲನ್ನು ಕಿವಿ ಕೇಳಿಸದ ಇಬ್ಬರು ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಒಬ್ಬಳು ನನ್ನ ಅಕ್ಕ, ಇನ್ನೊಬ್ಬ ಕುಂಬಾರರ ಪುಟ್ಟ ಹುಡುಗ. ಊರು ಆಳಂದದಿಂದ ಖಜೂರಿಗೆ ಹೋಗುವ ದಾರಿಯ ಬದಿಗಿತ್ತು. ಆ ಇಬ್ಬರಿಗೆ ನಡೆಯುತ್ತಿದ್ದ ಕೈಮಾತಿನ ಪಾಠವನ್ನು ರಜಾಕಾರರು ನಿಲ್ಲಿಸಿದರು ಎಂದು ನಮ್ಮೂರಲ್ಲಿ ಇಂದಿಗೂ ಹೇಳುತ್ತಾರೆ. ಧ್ವಜ ಹಾರಿಸುವ ದಿನ ಭಾಷಣ ಮಾಡುವವರೂ ಅದನ್ನೇ ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ನಾನು ತಲೆದೂಗುವುದಿಲ್ಲ. ಆ ದಿನ ನಾನು ಅಲ್ಲಿದ್ದೆ. ಬಂದವರು ಯಾರು, ಬಾರದವರು ಯಾರು ಎಂಬುದು ನನಗೆ ಗೊತ್ತು.

ನಮ್ಮ ಮಾಸ್ತರರು ಉರ್ದು ಕಲಿಸಲು ಬಂದವರು. ಕನ್ನಡವನ್ನೂ ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು. ಅವರ ತಾಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ, ತೊದಲುವುದಕ್ಕಿಂತ ಮೊದಲೇ ಅವರು ಕೈಯಲ್ಲಿ ಮಾತಾಡಲು ಕಲಿತಿದ್ದರು. ಅಕ್ಕನನ್ನು ಶಾಲೆಗೆ ಕಳಿಸಿ ಎಂದು ಕೇಳಲು ಅವರೇ ನಮ್ಮ ಮನೆಯ ಕಟ್ಟೆಗೆ ಬಂದರು.

"ಮಾತು ಬರಲಾರದ ಹುಡುಗಿ ಸಾಲ್ಯಾಗ ಕುಂತು ಏನ್ ಮಾಡ್ತದರಿ?" ಎಂದರು ಅಪ್ಪ.

"ಆಕಿಗಿ ಮಾತು ಬರಂಗಿಲ್ಲ ಅಂತ ಯಾರ್ ಹೇಳಿದ್ರು? ನಿಮಗ ಆಕಿನ ಮಾತು ತಿಳ್ಯಂಗಿಲ್ಲ, ಅಷ್ಟೇ" ಎಂದರು ಮಾಸ್ತರರು. ಅಪ್ಪ ನಕ್ಕುಬಿಟ್ಟರು. ಮರುದಿನ ಅಕ್ಕ ನನ್ನ ಜೊತೆ ಹೊರಟಳು.

ಮಾಸ್ತರರು ಒಂದೊಂದು ವಸ್ತುವನ್ನು ಮಕ್ಕಳ ಕೈಗೆ ಕೊಟ್ಟು, ಮುಟ್ಟಿಸಿ, ಮೂಸಿಸಿ, ಆಮೇಲೆ ಅದರ ಕೈಮಾತು ಕಲಿಸುತ್ತಿದ್ದರು. ಹಸಿ ಕಾಯಿ ಸುಲಿಯುವಂತೆ ಹೆಬ್ಬೆರಳು ಜಾರಿಸಿದರೆ ತೊಗರಿ. ಕೆನ್ನೆಯ ಬಳಿ ಬೆರಳು ಹರಡಿ ಎಳೆದರೆ ಬೆಕ್ಕು. ಅಂಗೈಯನ್ನು ಹೆಗಲ ಹಿಂದಕ್ಕೆ ಎಸೆದರೆ ನಿನ್ನೆ, ಎದೆಯಿಂದ ಮುಂದಕ್ಕೆ ಚಾಚಿದರೆ ನಾಳೆ. ಹಿಂದಿನ ಸಾಲುಗಳಲ್ಲಿ ಕೂತ ನಾವೂ ನೋಡಿ ನೋಡಿ ಕಲಿತೆವು. 'ನಾಳೆ'ಯನ್ನು ಕಲಿತ ಸಂಜೆ ಅಕ್ಕ ರೊಟ್ಟಿ ತಿನ್ನುವುದನ್ನೂ ಬಿಟ್ಟು, ಕೈ ಮುಂದೆ ಚಾಚುತ್ತ ಮನೆಯಲ್ಲೆಲ್ಲ ಓಡಾಡಿದಳು. ಅಲ್ಲಿಯವರೆಗೆ ಎದುರಿಗೆ ಇದ್ದದ್ದನ್ನು ಬೆರಳು ಮಾಡಿ ತೋರಿಸುವುದಷ್ಟೇ ಅವಳಿಗೆ ಬರುತ್ತಿತ್ತು. ಎದುರಿಗೆ ಇಲ್ಲದ್ದನ್ನು ಹೇಳಲು ಅವಳಿಗೆ ಈಗ ಬಂದಿತ್ತು.

ಅದು ದೇಶಕ್ಕೆ ಸ್ವಾತಂತ್ರ್ಯ ಬಂದು, ನಮ್ಮ ಸೀಮೆಗೆ ಮಾತ್ರ ಇನ್ನೂ ಬಾರದಿದ್ದ ಚಳಿಗಾಲ. ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಅವರ ಪರವಾಗಿ ಹೊರಟ ರಜಾಕಾರರೆಂಬ ಪಡೆಯವರು ಯಾವ ಗಳಿಗೆಯಲ್ಲಿ ಊರ ಮೇಲೆ ಬೀಳುತ್ತಾರೋ ಎಂದು ಎಲ್ಲರಿಗೂ ಹೆದರಿಕೆ. ಊರ ನಡುವೆ ಹುಡೇವು ಎಂಬ ಕಲ್ಲು ಮಣ್ಣಿನ ಎತ್ತರದ ಬುರುಜು ಇತ್ತು. ಅದರ ಮೇಲೆ ಗಂಡಸರು ಪಾಳಿಯಂತೆ ಕಾವಲು ಕೂಡುತ್ತಿದ್ದರು. ಒಂದು ಸಂಜೆ ಅಕ್ಕ ನಮ್ಮ ಮಾಳಿಗೆಯ ಮೇಲೆ ನಿಂತು, ದೂರದ ತನ್ನ ಮಾಳಿಗೆಯ ಮೇಲಿದ್ದ ಕುಂಬಾರರ ಹುಡುಗನೊಡನೆ ಕೈಯಲ್ಲಿ ಮಾತಾಡಿದಳು. ಕೂಗಿದರೂ ಕೇಳಿಸದಷ್ಟು ದೂರ ಅದು. ಅವರಿಬ್ಬರಿಗೆ ಅದೊಂದು ದೂರವೇ ಅಲ್ಲ. ಆ ಸಂಜೆ ಹುಡೇವಿನ ಮೇಲೆ ಕೂತಿದ್ದವನು ದನದ ದಲಾಲ. ಅವನು ಅದನ್ನು ನೋಡಿದ.

ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೀವು ಕಂಡಿರಲಾರಿರಿ. ಎತ್ತಿನ ಹಗ್ಗ ಹಿಡಿದು ಪಕ್ಕದಲ್ಲೇ ನಿಂತ ಒಡೆಯನಿಗೂ ತಿಳಿಯಬಾರದೆಂದೇ ಆ ಬೆರಳಿನ ಲೆಕ್ಕ ಹುಟ್ಟಿದ್ದು. ನಮ್ಮೂರಿನವರು ತಿಳಿದಿದ್ದ ಕೈಮಾತು ಅದೊಂದೇ.

ಬೆಳಗಾಗುವಷ್ಟರಲ್ಲಿ ಚಾವಡಿಯಲ್ಲಿ ಜನ ಕೂಡಿದ್ದರು. ಕಲ್ಲುಹಾಸು ಅಂಗಾಲು ಕೊರೆಯುವಷ್ಟು ತಣ್ಣಗಿತ್ತು. ಕಂಬಳಿಗಳ ವಾಸನೆಯೊಡನೆ ಎಲ್ಲಿಂದಲೋ ಸುಟ್ಟ ಸೀತನಿಯ, ಎಂದರೆ ಎಳೆ ಜೋಳದ ತೆನೆಯ, ಘಮ ಬರುತ್ತಿತ್ತು.

"ಮುಚ್ಚಿಡೂದು ಏನೂ ಇರಲಿಲ್ಲಂದ್ರ ಕೈಯಾಗ ಯಾಕ ಮಾತಾಡ್ತಾರ್ರಿ?" ಎಂದು ದಲಾಲ ಎದ್ದು ನಿಂತ. "ಮಾಳಿಗಿ ಮ್ಯಾಲಿಂದ ರಜಾಕಾರರಿಗಿ ಸುದ್ದಿ ಕಳಸಾಕತ್ತಾರ. ಕಾವಲಿಗಿ ಎಷ್ಟ್ ಮಂದಿ ಅದೀವಿ, ಜ್ವಾಳ ಎಲ್ಲಿ ಹುಗದೀವಿ, ಎಲ್ಲಾ!"

"ಅರೇ ಭಾಯಿ, ಕೂಸದು" ಎಂದರು ಮಾಸ್ತರರು.

"ಕೂಸಿಗಿ ಕಲಸಿದಾಂವ ಕೂಸಲ್ಲಲ್ರಿ!"

ಊರ ಗೌಡರು ನನ್ನ ಕಡೆ ತಿರುಗಿದರು. ಹಿಂದಿನ ಸಂಜೆ ನಾನೂ ಮಾಳಿಗೆಯ ಮೇಲೆ ಇದ್ದೆ. "ಏ ಹಲ್ಲುಮುರ್ಕ, ನೀ ಹೇಳಲೇ. ಏನಂದ್ಳು ನಿಮ್ಮಕ್ಕ?"

"ಬೆಕ್ಕು ಮರಿ ಹಾಕ್ಯಾದ, ನಾಳಿ ಬಾ, ತೋರಸ್ತೀನಿ ಅಂದ್ಳರಿ."

"ಬೆಕ್ಕಿನ ಸುದ್ದಿಗಿ ಅಷ್ಟ್ ಕೈ ಬೀಸಬೇಕೇನಲೇ? ರಾಶಿ ತೂರಿದಂಗ ಬೀಸಾಕತ್ತಿದ್ಳು!" ಎಂದ ದಲಾಲ. ಚಾವಡಿಯೆಲ್ಲ ನಕ್ಕಿತು. ನಾನು ಹೇಳಿದ್ದು ನಿಜ. ಅವರ ಹೆದರಿಕೆ ದೊಡ್ಡದಿತ್ತು. ಅದರ ಮುಂದೆ ಆ ನಿಜ ತೀರ ಚಿಕ್ಕದಾಯಿತು.

ಆಗ ಮಾಸ್ತರರು, ಅವಳನ್ನೇ ಕೇಳೋಣ, ಎಲ್ಲರ ಮುಂದೆ ಅವಳೇ ಹೇಳಲಿ ಎಂದರು. ಗೌಡರಿಗೆ ಅದು ಸರಿಯೆನಿಸಿತು. "ಆತು. ಆಕಿ ಕೈ ಬಿಚ್ಚಿ ತೋರಸಿದ್ರ ಪಾಠ ನಡೀಲಿ. ಇಲ್ಲಂದ್ರ ಇವತ್ತಿಗಿ ಬಂದ್" ಎಂದು ತೀರ್ಮಾನ ಹೇಳಿದರು.

ಅಪ್ಪ ಮನೆಗೆ ಹೋಗಿ ಅಕ್ಕನನ್ನು ಕರೆತಂದು ನಡುವೆ ನಿಲ್ಲಿಸಿದರು. ಚಳಿಗೆಂದು ಅವಳು ಚಾದರ ಹೊದ್ದಿದ್ದಳು. ಮಾಸ್ತರರು ಅವಳೆದುರು ಕುಕ್ಕುರುಗಾಲಿನಲ್ಲಿ ಕೂತು, ನಿನ್ನೆ ನೀನು ಏನು ಹೇಳಿದೆ ಎಂದು ಕೈಯಲ್ಲಿ ಕೇಳಿದರು. ಅಕ್ಕನ ಕಣ್ಣು ಮಿನುಗಿತು, ಬಲಗೈ ಕೆನ್ನೆಯತ್ತ ಅರ್ಧ ಏರಿತು. ಅಷ್ಟರಲ್ಲಿ ಸುತ್ತಲಿನ ಜನರೆಲ್ಲ ಅವಳಿಗೆ ಕಂಡರು. ಅಪ್ಪನ ಮುಖ ನೋಡಿದಳು. ಥಟ್ಟನೆ ಎರಡೂ ಕೈಗಳನ್ನು ಚಾದರದೊಳಗೆ ಎಳೆದುಕೊಂಡಳು.

"ನೋಡ್ರಿ ಗೌಡ್ರ, ಅರಿವ್ಯಾಗ ಹೋತು ಕೈ! ಈ ಧಂದಾ ನನಗ ಕಲಸಬ್ಯಾಡ್ರಿ!" ದಲಾಲ ಚಪ್ಪಾಳೆ ತಟ್ಟಿದ.

ಅವಳು ಯಾಕೆ ಹಾಗೆ ಮಾಡಿದಳೆಂದು ಆ ಚಾವಡಿಯಲ್ಲಿ ಅಪ್ಪನನ್ನೂ ನನ್ನನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೊರಗಿನವರು ಮನೆಗೆ ಬಂದಾಗ ಕೈ ಆಡಿಸಬಾರದೆಂದು ಅಪ್ಪ ಅವಳಿಗೆ ಕಲಿಸಿದ್ದರು. ನಾಲ್ಕು ಜನ ನೋಡಿ ಮೂಕಿ ಎಂದಾರು, ಮುಂದೆ ಮದುವೆಗೆ ತೊಡಕಾದೀತು ಎಂಬುದು ಅವರ ಚಿಂತೆ. ಜನ ಕಂಡರೆ ಕೈ ಮುಚ್ಚಬೇಕು. ಅಕ್ಕ ಅದನ್ನು ತಪ್ಪದೆ ಮಾಡಿ, ಶಹಬ್ಬಾಸ್ ಎನ್ನಲೆಂದು ಅಪ್ಪನನ್ನೇ ನೋಡುತ್ತಿದ್ದಳು.

ನನ್ನ ಮಾತಿಗೆ ಆಗಲೇ ನಕ್ಕಿದ್ದರು; ಅಪ್ಪನ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೇಳಬೇಕಾದರೆ, ಮಗಳ ಕೈಮಾತಿಗೆ ತಾವು ನಾಚಿಕೊಂಡದ್ದನ್ನೂ ಊರ ಮುಂದೆ ಹೇಳಬೇಕಾಗಿತ್ತು. ಅವರು ಹೆಗಲ ಮೇಲಿನ ಟವೆಲ್ ಕೊಡವಿ, ಅಕ್ಕನ ಮುಂಗೈ ಹಿಡಿದು ಮನೆಯ ಕಡೆ ನಡೆದರು.

ಅಂದು ಯಾವ ರಜಾಕಾರನೂ ಊರಿಗೆ ಬಂದಿರಲಿಲ್ಲ. ಶಾಲೆಯೂ ಮುಚ್ಚಲಿಲ್ಲ. ಮೊದಲ ಸಾಲಿನಲ್ಲಿ ಬೇರೆ ಮಕ್ಕಳು ಕೂತರು, ಅಷ್ಟೇ. ಮಳೆಗಾಲ ಕಳೆಯುವ ಹೊತ್ತಿಗೆ ನಿಜಾಮರ ಆಳ್ವಿಕೆ ಹೋಯಿತು, ಹೆದರಿಕೆಯೂ ಹೋಯಿತು. ಇನ್ನು ಕೈ ಬಿಚ್ಚಬಹುದು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೂ ಕಲಿಸುವವರು ಇರಲಿಲ್ಲ. ಮಾಸ್ತರರು ಊರು ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಊರು ವಿಚಾರಿಸಲೂ ಇಲ್ಲ. ಅಪ್ಪ ಮನೆಯೊಳಗೂ ಕೈಮಾತು ಬೇಡವೆಂದರು. ಬರಬರುತ್ತ ಅಕ್ಕನ ಕೈಗಳು ನೀರು, ದನ, ಕಸ, ರೊಟ್ಟಿ ಎಂಬಷ್ಟಕ್ಕೆ ನಿಂತವು. ಮಿಕ್ಕದ್ದನ್ನು ಅವಳು ಯಾರಿಗೂ ಹೇಳದೆ ಮುದುಕಿಯಾಗಿ ತೀರಿಕೊಂಡಳು.

ಮೊಮ್ಮಕ್ಕಳೇ, ನಿಮ್ಮ ಶಾಲೆಯಲ್ಲಿ ಕೈಮಾತು ಕಲಿಸಲೆಂದೇ ಒಬ್ಬ ಟೀಚರು ಇದ್ದಾರೆ. ಬಸ್ಸಿನ ಕಿಟಕಿಯಿಂದ ನೀವು ಕಿವಿ ಕೇಳಿಸದ ಗೆಳತಿಯೊಡನೆ ಕೈಯಲ್ಲಿ ಹರಟುವಾಗ ಯಾರೂ ಹೆದರುವುದಿಲ್ಲ. ಕಳೆದ ಭಾನುವಾರ ಆ ಗೆಳತಿ ಮನೆಗೆ ಬಂದಾಗ, ಗೋಡೆಯ ಮೇಲಿನ ಅಕ್ಕನ ಫೋಟೋ ನೋಡಿ ಏನೋ ಕೇಳಿದಳು. ಇವರ ಕೈಹೆಸರೇನು ಎಂದು ಕೇಳುತ್ತಿದ್ದಾಳೆ ಅಜ್ಜ ಎಂದು ನೀವು ಬಿಡಿಸಿ ಹೇಳಿದಿರಿ. ಅವಳ ಬಳಗದಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಕರೆಯುವ ಹೆಸರೊಂದು ಇರುತ್ತದಂತೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ, ಅವಳಿಗೆ ತಿಳಿಸಿ. ನಮ್ಮ ಪಾಠ ಹೆಸರುಗಳವರೆಗೆ ಹೋಗಿರಲಿಲ್ಲ. ಅಕ್ಕನನ್ನು ಕರೆಯಬೇಕಾದಾಗ ನಾವು ನೆಲಕ್ಕೆ ಕಾಲು ಬಡಿಯುತ್ತಿದ್ದೆವು. ಆ ನಡುಕ ಅಂಗಾಲಿಗೆ ತಾಗಿದರೆ ಅವಳು ತಿರುಗಿ ನೋಡುತ್ತಿದ್ದಳು. ಕೊನೆಯವರೆಗೂ ನಾವು ಅವಳನ್ನು ಹಾಗೇ ಕರೆದೆವು.