ಚೌಡಾಪುರದಲ್ಲಿ ಒಂದೇ ಕಡ್ಡಿ ನೆಟ್‌ವರ್ಕು

ಮಹಾನಂದಾಳ ಹಟ ಜೇವರ್ಗಿಯಲ್ಲಿ ಎಲ್ಲರಿಗೂ ಗೊತ್ತು. ರಕ್ತಪರೀಕ್ಷೆ ಲ್ಯಾಬಿನ ಕೌಂಟರಿನಲ್ಲಿ ಹತ್ತು ವರ್ಷ ಸೂಜಿ ಚುಚ್ಚಿದವಳು, ಬಿಡುವಿನಲ್ಲಿ ಕಂಪ್ಯೂಟರ್ ಕಲಿತು, ಆಳಂದ, ಅಫಜಲಪುರ, ಜೇವರ್ಗಿಯ ಮೂರೂ ಲ್ಯಾಬುಗಳ ಕಂಪ್ಯೂಟರು ನೋಡಿಕೊಳ್ಳುವವಳಾದಳು. ಆಳಂದದಲ್ಲಿರುವುದು ಒಂದೇ ದೊಡ್ಡ ಸರ್ವರ್. ಅದರ ಹೊಟ್ಟೆಯೊಳಗೆ ಊರಿಗೊಂದರಂತೆ ಮೂರು ವರ್ಚುವಲ್ ಮಶೀನು, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರು. ಕೈಗೆ ಸಿಗುವಂಥವಲ್ಲ, ಕೆಟ್ಟರೆ ಮಾತ್ರ ಆ ಊರಿನ ರಿಪೋರ್ಟೆಲ್ಲ ನಿಂತೇ ಹೋಗುತ್ತವೆ.

ಹೋದ ತಿಂಗಳು ಕರೆಂಟು ಹೋಗಿ ಬಂದಾಗ ಅಫಜಲಪುರದ ಮಶೀನು ಏಳಲಿಲ್ಲ. ಮಹಾನಂದಾ ಎರಡು ಬಸ್ಸು ಬದಲಿಸಿ ಆಳಂದಕ್ಕೆ ಹೋಗಿ, ಒಂದು ಗುಂಡಿ ಒತ್ತಿ ಬಂದಳು. ದೂರದಿಂದಲೇ ಒಳಹೊಗುವ ದಾರಿ ಬೇಕೆಂದು ಮಾಲೀಕ ಕಲ್ಯಾಣಪ್ಪನವರು ಕಂಪನಿಯೊಂದರಿಂದ ಮಹೇಶಕುಮಾರನನ್ನು ಕರೆಸಿದರು. ಅವನದು ಒಪ್ಪಿಗೆಯಾದರೆ ಉಸ್ತುವಾರಿ ಕಂಪನಿಗೆ, ಮಹಾನಂದಾ ಮತ್ತೆ ಸೂಜಿಯ ಕೌಂಟರಿಗೆ.

ಆಳಂದದ ಆಫೀಸಿನಲ್ಲಿ ಅವನು ರಿಮೋಟ್ ಡೆಸ್ಕ್‌ಟಾಪ್ ತೋರಿಸಿದ. ಮಶೀನಿನ ಪರದೆಯೇ ಅವನ ಲ್ಯಾಪ್‌ಟಾಪಿನೊಳಗೆ ಬಂತು. ಚಿತ್ರ ನಿಚ್ಚಳ, ಮೌಸು ಸರಾಗ.

"ಸರ್ವರ್ ಗ್ವಾಡಿ ಆಚೀಗದ, ನೀವು ಈಚೀಗ ಕುಂತು ದೂರದಿಂದ ಅಂತೀರಿ," ಎಂದಳು ಮಹಾನಂದಾ. "ಚೌಡಾಪುರಕ್ಕ ನಡೀರಿ, ಅಲ್ಲಿ ತೋರಸ್ರಿ."

"ಏನ್ ಹಟಾ ಬೇ ನಿಂದು!" ಎಂದರು ಕಲ್ಯಾಣಪ್ಪ.

"ಹಟಾನೇ ಅನ್ರಿ ಸಾವ್ಕಾರ್ರ. ಬಸ್ಸಿನ್ಯಾಗ ಸೊಂಟ ಮುರ್ಕೊಂಡಾಕಿ ನಾನು."

ಮೂವರೂ ಹೋಗಿ ಕೂತ ಚೌಡಾಪುರದ ಚಹಾದಂಗಡಿಯಲ್ಲಿ ಮೊಬೈಲಿಗೆ ಒಂದೇ ಕಡ್ಡಿ ನೆಟ್‌ವರ್ಕು. ಅದಕ್ಕೆಂದೇ ಅವಳು ಆ ಊರು ಹೇಳಿದ್ದು.

"ಅಫಜಲಪುರದ ಮಶೀನಿಂದು ನಕಲು ಮಾಡಿ, ಅವತ್ತು ಕೆಟ್ಟಂಗೇ ಕೆಡಿಸಿಟ್ಟೇನ್ರಿ. ಎಬ್ಬಸ್ರಿ ನೋಡೂಣು."

ಮಹೇಶಕುಮಾರನ ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. "ಮಶೀನು ಚಾಲೂ ಆದ್ರ ಬರ್ತದ್ರಿ," ಎಂದ.

"ಚಾಲೂ ಇದ್ರ ನಿಮ್ಮನ್ನ ಯಾಕ ಕರೀತಾರ್ರಿ?"

ಅವಳು ಬ್ರೌಸರಿನಲ್ಲಿ ಸರ್ವರಿನದೇ ಕನ್ಸೋಲ್ ತೆರೆದಳು. ಮಶೀನು ಕಣ್ಣು ಬಿಡುವ ಮೊದಲಿನ ಪರದೆಯೂ ಅದರಲ್ಲಿ ಕಾಣುತ್ತದೆ. ಚಿತ್ರ ಅರ್ಧ ಬಂತು. ಚಹಾ ಆರಿದರೂ ಇನ್ನರ್ಧ ಬರಲಿಲ್ಲ. "ದಾರಿ ಖರೇ, ಆದ್ರ ನೆಟ್ ಭಾಳ ತಿಂತದ," ಎಂದು ತಾನೇ ಒಪ್ಪಿಕೊಂಡಳು.

ಉಳಿದದ್ದು ಸೀರಿಯಲ್ ಕನ್ಸೋಲ್. ಬಣ್ಣವಿಲ್ಲ, ಮೌಸಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಮಶೀನಿನೊಳಗೆ ಮೊದಲೇ ಹೊಂದಿಸಿಡಬೇಕು, ಅವಳು ಹೊಂದಿಸಿಟ್ಟಿದ್ದಳು. ಹೇಗೆ ಶುರುವಾಗಲಿ ಎಂದು ಕೇಳುತ್ತ ಮಶೀನು ಸುಮ್ಮನೆ ನಿಂತಿತ್ತು. ಎಂಟರ್ ಒತ್ತಿದಳು. ಸಾಲುಗಳು ಸರಸರ ಇಳಿದವು, ಮಶೀನು ಎದ್ದಿತು. ಆಮೇಲೆ ಮಹೇಶಕುಮಾರನ ಡೆಸ್ಕ್‌ಟಾಪೂ ತಡೆದು ತಡೆದು ತೆರೆಯಿತು.

"ನಿಮ್ದು ದಿನದ ಕೆಲಸಕ್ಕ ಇರ್ಲಿ," ಎಂದಳು. "ಬಿದ್ದಾಗ ಎತ್ತೂದು ಇದು."

"ಆತು, ಎಲ್ಲಾ ಇಡೂಣು," ಎಂದರು ಕಲ್ಯಾಣಪ್ಪ. "ಇವ್ರಿಗೆ ಕಲಸಿಕೊಟ್ಟು ನೀ ಕೌಂಟರಿಗೆ..."

ಮಹಾನಂದಾ ಲ್ಯಾಪ್‌ಟಾಪು ಮುಚ್ಚಿದಳು. "ಕಲಸಂಗಿಲ್ರಿ. ಕೌಂಟರಿಗೂ ಹೋಗಂಗಿಲ್ರಿ. ಮಶೀನು ನೋಡಾಕಿ ನಾನೇ. ಬ್ಯಾಡಂದ್ರ ಹೇಳ್ರಿ, ಬಸ್ಸು ಇಲ್ಲಿಂದಾನೂ ಅದ."

ಕಲ್ಯಾಣಪ್ಪ ಮಹೇಶಕುಮಾರನ ಮುಖ ನೋಡಿದರು. "ಆ ಕಪ್ಪು ಪರದಿ ನನಗ ಬರಂಗಿಲ್ರಿ," ಎಂದ ಅವನು ಮೆಲ್ಲಗೆ.

"ಕುಂದ್ರು ಮಾರಾಯ್ತಿ. ಕೌಂಟರಿಗೆ ಬ್ಯಾರೇದವ್ರನ್ನ ಹುಡುಕ್ತೇನಿ. ಚಹಾ ಕುಡಿ."

"ಬ್ಯಾರೇದು ಹೇಳ್ರಿ," ಎಂದಳು ಮಹಾನಂದಾ. "ಇದು ಆರೇದ."