ಆಷಾಢದಲ್ಲಿ ಬಿದ್ದ ಗೋಡೆ

ಇಟ್ಟಮಡುವಿನ ನಾರಾಯಣಮ್ಮನವರಿಗೆ ಒಂದೇ ಕಟ್ಟಡದಲ್ಲಿ ಐದು ಮನೆ. ಮೇಲಿನ ಮೂರು, ಕೆಳಗೆ ಪೂರ್ವದ ಕಡೆಯದೊಂದು, ಈ ನಾಲ್ಕರಲ್ಲೂ ಬಾಡಿಗೆದಾರರು. ಕೆಳಗೇ ಅದರ ಹಿಂದೆ, ಪಕ್ಕದ ಕಟ್ಟಡಕ್ಕೆ ಅಂಟಿಕೊಂಡದ್ದು ಮಾತ್ರ ಮಾಲೀಕರಿಗೆ. ಅಲ್ಲಿ ಕಿಟಕಿಯಿಂದ ಕೈ ಚಾಚಿದರೆ ಪಕ್ಕದವರ ಗೋಡೆ ಸಿಗುತ್ತದೆ. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯಬೇಕು. ಅಕ್ಕಿ ಆರಿಸಬೇಕೆಂದರೆ ಮೊರ ಹಿಡಿದು ಟೆರೇಸ್ ಹತ್ತಬೇಕು. ಬೆಳಕಿರುವ ಮನೆಗೆ ಜನ ಬೇಗ ಬರುತ್ತಾರೆಂಬುದು ಯಜಮಾನರಾದ ಬೋರಣ್ಣನವರ ವಾದ. ಇಪ್ಪತ್ತೆಂಟು ವರ್ಷ ಬಾಡಿಗೆದಾರರು ಬಿಸಿಲು ಕಾಯಿಸಿಕೊಂಡರು, ಮನೆಯೊಡತಿ ಕತ್ತಲಲ್ಲಿ ಸೊಪ್ಪು ಬಿಡಿಸಿದರು. ಇದ್ಯಾವ ಸೀಮೆ ನ್ಯಾಯವೋ ನನಗಂತೂ ತಿಳಿಯದು.

ಈ ವರ್ಷ ಆಷಾಢಕ್ಕೆ ಎರಡು ದಿನ ಮೊದಲು ಪೂರ್ವದ ಮನೆ ಖಾಲಿಯಾಯಿತು. ಬೋರಣ್ಣ ಗೇಟಿಗೆ ಟು-ಲೆಟ್ ಬೋರ್ಡು ತಗುಲಿಹಾಕಿದರು. ಆಷಾಢದಲ್ಲಿ ಯಾರು ಮನೆ ಬದಲಾಯಿಸುತ್ತಾರೆ? ಒಂದು ನರಪಿಳ್ಳೆಯೂ ಬರಲಿಲ್ಲ. ಖಾಲಿ ಮನೆ ಗುಡಿಸಲು ಹೋದ ನಾರಾಯಣಮ್ಮ ಪೊರಕೆ ಬದಿಗಿಟ್ಟು ಬಿಸಿಲಲ್ಲಿ ಕೂತರು. ಕೂತಲ್ಲೇ ತೀರ್ಮಾನವಾಯಿತು. ಎರಡು ಮನೆಗಳ ನಡುವಿನ ಗೋಡೆ ಹೋಗಬೇಕು, ಅದೂ ಶ್ರಾವಣಕ್ಕೆ ಮೊದಲು. ಆಮೇಲೆ ಯಾರಾದರೂ ಬಂದು ಸಾಮಾನು ಇಳಿಸಿದರೆ ಮುಗಿಯಿತು ಕಥೆ! ಅಣ್ಣನ ಮಗ ರವಿಕಿರಣ್ ಸಿವಿಲ್ ಇಂಜಿನಿಯರ್. ಬಂದು ಅಳೆದು ನೋಡಿ, "ಭಾರ ಎಲ್ಲಾ ಪಿಲ್ಲರ್ ಮೇಲಿದೆ ಅತ್ತೆ, ಧೈರ್ಯವಾಗಿ ಒಡೆಸಿ" ಎಂದ.

"ಆಷಾಢದಲ್ಲಿ ಯಾರಾದ್ರೂ ಕೆಲಸ ಶುರು ಮಾಡ್ತಾರೇನೆ?" ಬೋರಣ್ಣ ಅಡ್ಡ ಹಾಕಿದರು.

"ನಾನೆಲ್ಲಿ ಶುರು ಮಾಡ್ತಿದೀನಿ? ಇರೋ ಗೋಡೆನ ಮುಗಿಸ್ತಿದೀನಿ."



ಮರುದಿನ ಗಾರೆ ಕೆಲಸದ ಹುಲಿಗೆವ್ವ ಗಂಡನೊಂದಿಗೆ ಸುತ್ತಿಗೆ ಹಿಡಿದು ಬಂದಳು. ಕೊಪ್ಪಳದ ಕಡೆಯವಳು. "ಮೊದಲ ಏಟು ನೀವ ಹಾಕ್ರಿ ಅಮ್ಮಾರ" ಎಂದು ಸುತ್ತಿಗೆ ಕೈಗಿತ್ತಳು. ನಾರಾಯಣಮ್ಮ ಸೆರಗು ಸಿಕ್ಕಿಸಿ ಬೀಸಿದರು. ಅಂಗೈಯಗಲ ಗಾರೆ ಉದುರಿತು, ಗೋಡೆ ಜಪ್ಪಯ್ಯ ಅನ್ನಲಿಲ್ಲ. ಆದರೂ ಅವರಿಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಟ್ಟೆಯಷ್ಟು ತೂತಾಯಿತು. ಅದರಲ್ಲೇ ಹುಲಿಗೆವ್ವನಿಗೆ ಕಾಫಿ ದಾಟಿಸಿದರು. ಸಂಜೆಗೆ ಆಳು ನುಗ್ಗುವಷ್ಟಾಯಿತು. ಅರವತ್ತೆರಡರ ಹೆಂಗಸು ಮೈತುಂಬ ದೂಳು ಮೆತ್ತಿಕೊಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಷ್ಟು ಸಲ ಓಡಾಡಿದರೋ! ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಮಾರನೆಯ ದಿನ ಉಳಿದ ಗೋಡೆಯೂ ನೆಲಕ್ಕಿಳಿಯಿತು.

ಆದರೆ ಬೋರಣ್ಣನೇನು ಕಡಿಮೆ ಆಸಾಮಿಯೇ?

"ಆಷಾಢದಲ್ಲಿ ಒಡೆಯೋದು ನಿನ್ನ ಕೆಲಸ. ಶ್ರಾವಣದಲ್ಲಿ ಕಟ್ಟಿಸೋದು ನನ್ನ ಕೆಲಸ" ಎಂದರು. ಹೇಳಿದ್ದಷ್ಟೇ ಅಲ್ಲ, ಸಿಮೆಂಟ್ ಇಟ್ಟಿಗೆ ತರಿಸಿ ಗೇಟಿನ ಪಕ್ಕ ಪೇರಿಸಿಯೂ ಬಿಟ್ಟರು.

ನಾರಾಯಣಮ್ಮ ಇಟ್ಟಿಗೆ ರಾಶಿಯನ್ನೊಮ್ಮೆ ನೋಡಿ ಬಂದರು. ಜಗಳಕ್ಕೆ ಮಾತ್ರ ಹೋಗಲಿಲ್ಲ. ಬೆಳಕು ಬೀಳುವಲ್ಲಿ ಗಂಡನ ಕುರ್ಚಿ ಹಾಕಿ, ಪೇಪರಿಟ್ಟು, ಸುಮ್ಮನೆ ಅಡುಗೆಮನೆಗೆ ನಡೆದರು. ಮೊದಲ ದಿನ ಬೋರಣ್ಣ ಮುಖ ಗಂಟಿಕ್ಕಿ ಕುರ್ಚಿಯನ್ನು ಕತ್ತಲಿಗೆ ಎಳೆದುಕೊಂಡರು. ನಾಲ್ಕನೆಯ ದಿನ ಅಷ್ಟು ದೂರ ಎಳೆಯಲಿಲ್ಲ. ಎರಡನೆಯ ವಾರ ಬಿಸಿಲು ಸರಿದಂತೆ ಕುರ್ಚಿಯೂ ಸರಿಯುತ್ತಿತ್ತು, ಕನ್ನಡಕವಿಲ್ಲದೆ ದಪ್ಪಕ್ಷರ ಓದುತ್ತಿದ್ದರು. ಇಟ್ಟಿಗೆ ಮಾತ್ರ ಅಲ್ಲೇ ಇತ್ತು.

ಶ್ರಾವಣದ ಮೊದಲ ಭಾನುವಾರ ಬೆಳಗ್ಗೆಯೇ ಗಿರಿನಗರದಿಂದ ಸುಮನ್ ಎಂಬ ಹುಡುಗ ಹೆಂಡತಿಯನ್ನು ಕರೆದುಕೊಂಡು ಬಂದ. ಬೋರ್ಡು ತೆಗೆದಿರಲಿಲ್ಲ ನೋಡಿ. ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿದ.

"ಬೆಳಕು ಸಖತ್ತಾಗಿದೆ ಅಂಕಲ್. ನಮಗೆ ಒಪ್ಪಿಗೆ. ಆ ಗೋಡೆ ಒಂದು ಕಟ್ಟಿಸಿಕೊಟ್ರೆ ಇದೇ ವಾರ ಬರ್ತೀವಿ."

ಅಡುಗೆಮನೆಯಲ್ಲಿ ನಾರಾಯಣಮ್ಮ ಸೌಟು ಹಿಡಿದವರು ಹಿಡಿದ ಹಾಗೇ ನಿಂತರು.

ಬೋರಣ್ಣ ಪೇಪರ್ ಮಡಚಿದರು. ಎದ್ದು ಹೋಗಿ ಗೇಟಿನ ಬೋರ್ಡು ಬಿಚ್ಚಿಕೊಂಡು ಬಂದರು.

"ಈ ಮನೆಗೆ ಜನ ಬಂದಾಯ್ತಪ್ಪ."

"ಅಯ್ಯೋ, ಯಾರು ಅಂಕಲ್?"

ಬೋರಣ್ಣ ಅಡುಗೆಮನೆಯ ಕಡೆ ಕೈ ತೋರಿಸಿದರು. "ಓನರ್ರು."